ಮನೆಗೇ ಬಂದು ಕರಿಯನನ್ನು ಬೀಳ್ಕೊಟ್ಟ ಪಶುವೈದ್ಯರು

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ 14 ವರ್ಷ ಬಾಳಿದ ನಾಯಿ ಕರಿಯನಿಗೆ ಮೂತ್ರಪಿಂಡಗಳು ಕೈಕೊಟ್ಟು, ಕೊನೆಗೆ ಮೊಸರನ್ನವನ್ನೂ ಮೂಸದಂತಾದಾಗ, ಮನೆಗೇ ಬಂದು ದಯಾಮರಣ ನೀಡುವ ಪಶುವೈದ್ಯರೊಬ್ಬರನ್ನು ಕರೆಸಿದೆವು. ಮೊದಲು ಮಂಪರು ಬರಿಸುವ ಚುಚ್ಚುಮದ್ದು ಕೊಟ್ಟು, ಅವನು ಗಾಢ ನಿದ್ದೆಗೆ ಜಾರಿದ ಮೇಲಷ್ಟೇ ಅರಿವಳಿಕೆಯ ಔಷಧವನ್ನು ಅಧಿಕ ಪ್ರಮಾಣದಲ್ಲಿ ರಕ್ತನಾಳಕ್ಕೆ ಸೇರಿಸುವುದಾಗಿಯೂ, ಉಸಿರು ನಿಂತ ಮೇಲೂ ಕಣ್ಣು ತೆರೆದೇ ಇರಬಹುದೆಂದೂ ಅವರು ಮುಂಚಿತವಾಗಿಯೇ ತಿಳಿಸಿದರು. ಆ ಮಾತು ನಮಗೆ ದೊಡ್ಡ ಆಸರೆಯಾಯಿತು. ಅಮ್ಮನ ಹಳೆಯ ಸೀರೆಯ ಮೇಲೆ ಮಲಗಿದ್ದ ಕರಿಯನ ನರೆತ ಮೂತಿ ನನ್ನ ಅಂಗೈಯಲ್ಲಿತ್ತು. ಸ್ಟೆತಸ್ಕೋಪ್ ಇಟ್ಟು ಎರಡು ಬಾರಿ ಪರೀಕ್ಷಿಸಿದ ನಂತರವೇ ವೈದ್ಯರು ‘ಹೋದ’ ಎಂದರು, ‘ಸತ್ತಿತು’ ಎನ್ನಲಿಲ್ಲ. ಶುಲ್ಕದ ವಿಚಾರ ಫೋನಿನಲ್ಲೇ ಮುಗಿದಿತ್ತು. ಹೂಳುವ ವ್ಯವಸ್ಥೆ ಮಾತ್ರ ಅವರ ಸೇವೆಯಲ್ಲಿ ಸೇರಿಲ್ಲವಾದ್ದರಿಂದ ಅದನ್ನು ನಾವೇ ಮೊದಲು ಮಾಡಿಕೊಂಡಿರಬೇಕು. ಕರಿಯನನ್ನು ನಮ್ಮೂರಿನ ತೋಟದಲ್ಲಿ, ತೆಂಗಿನ ಮರದ ಬುಡದಲ್ಲಿ ಮಲಗಿಸಿದೆವು.