ಹಳೇ ಬೇಸ್‌ಬಾಲ್ ಮುಖಪುಟ ಕೊಳ್ಳುವ ಮುಂಚೆ ಹಿಂದುಗಡೆ ತಿರುಗಿಸಿ ನೋಡಿ

ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ‘ಹಳೇ’ ಮ್ಯಾಗಜೀನ್ ಮುಖಪುಟ ಅಂತ ಮಾರಿ ನನಗೆ ಟೋಪಿ ಹಾಕಿದ ಆ ಮಹಾನುಭಾವ ಇನ್ನೂ ಮಾರುತ್ತಲೇ ಇದ್ದಾನೆ. 95 ಡಾಲರ್ ಹೋಯಿತು. ದುಡ್ಡು ಹಾಳಾಗಲಿ, ಮಾನ ಹೋಯಿತು.

ನ್ಯೂಜೆರ್ಸಿಗೆ ಬಂದ ಮೇಲೆ ಬೇಸ್‌ಬಾಲ್ ಅಷ್ಟಾಗಿ ಹಿಡಿಸಲಿಲ್ಲ. ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಅನ್ನೋ ಅಮೆರಿಕದ ಮ್ಯಾಗಜೀನ್‌ನ ಹಳೇ ಮುಖಪುಟಗಳ ಹುಚ್ಚು ಮಾತ್ರ ಹಿಡಿಯಿತು. ಅದರಲ್ಲೂ ಚಿತ್ರಕಾರ ನಾರ್ಮನ್ ರಾಕ್‌ವೆಲ್ ಚಿತ್ರ ಬರೆದ 1949ರ ಏಪ್ರಿಲ್ 23ರ ಮುಖಪುಟ. ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್ ಬೇಸ್‌ಬಾಲ್ ಮೈದಾನ, ಮೂವರು ಅಂಪೈರ್‌ಗಳು, ಒಬ್ಬ ಅಂಗೈ ಚಾಚಿ ಮಳೆ ಹನಿ ಬೀಳುತ್ತಾ ಅಂತ ನೋಡುತ್ತಿದ್ದಾನೆ. ಸ್ಕೋರ್‌ಬೋರ್ಡಿನಲ್ಲಿ ಪಿಟ್ಸ್‌ಬರ್ಗ್ 1, ಬ್ರೂಕ್ಲಿನ್ 0. ಆಟ ನಿಲ್ಲಿಸಿದರೆ ಪಿಟ್ಸ್‌ಬರ್ಗ್ ಗೆದ್ದ ಹಾಗೆ. ಚಿನ್ನಸ್ವಾಮಿಯಲ್ಲಿ ಮೋಡ ನೋಡಿಕೊಂಡು ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಜಾಹೀರಾತಿನಲ್ಲಿ ‘ಒರಿಜಿನಲ್ 1949’ ಅಂತಿತ್ತು. ಫೋಟೋದಲ್ಲಿ ಚಂದಾದಾರರ ವಿಳಾಸದ ಚೀಟಿ, ಅಂಪೈರ್ ಅಂಗೈ ಮೇಲೆ ಹಾದುಹೋದ ಮಡಿಕೆ, ಅಂಚಿನಲ್ಲಿ ಕಂದು ಕಲೆ. ಇಷ್ಟೆಲ್ಲ ಇದ್ದರೆ ಹಳೇದೇ ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಫೀಸ್ ಉಳಿಯುತ್ತೆ, ವ್ಯಾಪಾರ ಅಂತ ಬೇಡ, ಸ್ನೇಹಿತರಿಗೆ ಕಳಿಸುವ ಲೆಕ್ಕದಲ್ಲಿ ದುಡ್ಡು ಹಾಕಿ ಅಂದ ಮಾರುವವನು. ಹಾಕಿದೆ. ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಫ್ರೇಮ್ ಹಾಕಿಸುವ ಮುಂಚೆ ಪಕ್ಕದ ಮನೆಯ ಅಜ್ಜನಿಗೆ ತೋರಿಸಿದೆ. ಬ್ರೂಕ್ಲಿನ್‌ನಲ್ಲೇ ಹುಟ್ಟಿ ಬೆಳೆದವರು. ಜಂಬ ಕೊಚ್ಚಿಕೊಳ್ಳೋಕೆ ಹೋಗಿದ್ದೆ, ಸುಳ್ಳು ಯಾಕೆ. ಅವರು ಚಿತ್ರ ನೋಡಲೇ ಇಲ್ಲ. ಹಾಳೆ ತಿರುಗಿಸಿ, ‘ಜಾಹೀರಾತು ಎಲ್ಲಿ?’ ಅಂದರು. ಹಿಂದುಗಡೆ ಖಾಲಿ. ಬೆಳ್ಳಗೆ, ಹಾಲು ಚೆಲ್ಲಿದ ಹಾಗೆ ಖಾಲಿ. ಮ್ಯಾಗಜೀನ್ ಮುಖಪುಟದ ಹಿಂದೆ ಏನಾದರೂ ಅಚ್ಚಾಗಿರಲೇಬೇಕು ಅನ್ನೋದು ನನಗೆ ಹೊಳೆದೇ ಇರಲಿಲ್ಲ!

ಆಮೇಲೆ ಅವರು ವಿಳಾಸದ ಚೀಟಿಯನ್ನು ಉಗುರಿನಿಂದ ಕೆರೆದರು. ಅಂಚೇ ಸಿಗಲಿಲ್ಲ. ಅದು ಅಂಟಿಸಿದ ಚೀಟಿ ಅಲ್ಲ, ಚೀಟಿಯ ಚಿತ್ರ. ಮಡಿಕೆ ಮೇಲೆ ನಾನೇ ಬೆರಳಾಡಿಸಿದೆ. ನುಣ್ಣಗಿತ್ತು. ಮಡಿಕೆಯೂ ಪ್ರಿಂಟು! ಕಲೆಯೂ ಪ್ರಿಂಟು! ಯಾವುದನ್ನು ನೋಡಿ ನಂಬಿದೆನೋ ಅದೇ ಪ್ರಿಂಟು. ಅಜ್ಜ ನಗಲಿಲ್ಲ. ನಕ್ಕಿದ್ದರೆ ವಾಸಿ ಇತ್ತು.

ಮಾರಿದವನಿಗೆ ಬರೆದೆ. ಮೊದಲ ಉತ್ತರ: ‘ಒರಿಜಿನಲ್ ಇಟ್ಟುಕೊಂಡೇ ಸ್ಕ್ಯಾನ್ ಮಾಡಿದ್ದು, ಹಾಗಾಗಿ ಒರಿಜಿನಲ್.’ ಈ ತರ್ಕಕ್ಕೆ ಏನು ಹೇಳೋಣ? ಎರಡನೇದು: ‘ಹಿಂದುಗಡೆ ಫೋಟೋ ನೀವು ಕೇಳಲೇ ಇಲ್ಲವಲ್ಲ.’ ಇದು ನಿಜ, ಅದಕ್ಕೇ ಜಾಸ್ತಿ ಉರಿಯಿತು. ದುಡ್ಡು ವಾಪಸ್ ಕೊಡಿ ಅಂದಿದ್ದಕ್ಕೆ ಮೂರನೇದು: ‘ಒರಿಜಿನಲ್ಲೇ ಬೇಕಿದ್ದರೆ ಕೂಪರ್ಸ್‌ಟೌನ್‌ಗೆ ಹೋಗಿ ನೋಡಿ.’ ರಾಕ್‌ವೆಲ್ ಬರೆದ ಮೂಲ ಚಿತ್ರ ಅಲ್ಲಿನ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಮ್ಯೂಸಿಯಂನಲ್ಲಿದೆ, ನಿಜ. ನಾನು ಕೇಳಿದ್ದು ಅದನ್ನಾ? ಆವತ್ತು 15 ಸೆಂಟಿಗೆ ಮಾರಿದ ಸಂಚಿಕೆಯ ಹಾಳೆಯನ್ನಲ್ವಾ! ಅಷ್ಟಾದ ಮೇಲೆ ಬ್ಲಾಕ್ ಮಾಡಿದ. ಸ್ನೇಹಿತರ ಲೆಕ್ಕದಲ್ಲಿ ಹಾಕಿದ ದುಡ್ಡಿಗೆ ದೂರು ನಡೆಯಲ್ಲ ಅಂತ ದುಡ್ಡು ರವಾನಿಸಿದ ಕಂಪನಿಯವರೂ ಕೈ ತೊಳೆದುಕೊಂಡರು.

ಹಿಂದುಗಡೆಯ ಫೋಟೋ ಕೇಳಿ, ಕೊಡದಿದ್ದರೆ ಬಿಟ್ಟುಬಿಡಿ. ಆದಷ್ಟೂ ಇಡೀ ಸಂಚಿಕೆಯನ್ನೇ ಕೊಳ್ಳಿ, ಅಷ್ಟೂ ಪುಟ ಯಾರೂ ಪ್ರಿಂಟ್ ಹೊಡೆಯುತ್ತಾ ಕೂರಲ್ಲ. ಸ್ನೇಹಿತರ ಲೆಕ್ಕದಲ್ಲಿ ದುಡ್ಡು ಹಾಕಬೇಡಿ, ಅವನು ನಿಮ್ಮ ಸ್ನೇಹಿತ ಅಲ್ಲ.

ನಿನ್ನೆ ಬೇರೆ ಹೆಸರಲ್ಲಿ ಮತ್ತೆ ಕಾಣಿಸಿದ. ‘ಒಂದೇ ಒಂದು ಪ್ರತಿ ಉಳಿದಿದೆ’ ಅಂತೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಅದೇ ವಿಳಾಸದ ಚೀಟಿ. ಅದೇ ಅಂಗೈ ಮೇಲೆ, ಅದೇ ಜಾಗದಲ್ಲಿ, ಅದೇ ಮಡಿಕೆ.