ಪೆನ್ ಮೇಳದಲ್ಲಿ ಗಿರಾಕಿಯಾಗಿ ಒಂದು ವರ್ಷ, ಸ್ವಯಂಸೇವಕಿಯಾಗಿ ಮರುವರ್ಷ

ಶಾಯಿ ಪೆನ್ನುಗಳ ಈ ಮೇಳದ ಹೆಸರು ಸ್ಯಾನ್ ಫ್ರಾನ್ಸಿಸ್ಕೊ ಪೆನ್ ಶೋ ಎಂದಿದ್ದರೂ ನಾನು ಹೋದ ಎರಡು ಸಲವೂ ಅದು ನಡೆದದ್ದು ದಕ್ಷಿಣಕ್ಕಿರುವ ರೆಡ್‌ವುಡ್ ಸಿಟಿಯ ಹೋಟೆಲೊಂದರಲ್ಲಿ, ಆಗಸ್ಟ್ ಕೊನೆಯ ಹೊತ್ತಿಗೆ. ಮೊದಲ ವರ್ಷ ಟಿಕೆಟ್ ಕೊಂಡು ಗಿರಾಕಿಯಾಗಿ ಹೋದೆ. ಮರುವರ್ಷ ಶಾಯಿ ಪರೀಕ್ಷೆಯ ಮೇಜಿನ ಹಿಂದೆ ನಾಲ್ಕು ಗಂಟೆ ನಿಂತೆ. ಇಲ್ಲಿನ ಕನ್ನಡದ ಗೆಳತಿಯರು ಯಾವುದು ಒಳ್ಳೆಯದು ಎಂದು ಕೇಳುತ್ತಾರೆ. ಕೆಲಸಕ್ಕೆ ನಿಲ್ಲುವುದೇ ಒಳ್ಳೆಯದು ಎನ್ನುತ್ತೇನೆ, ಆದರೆ ಅದರಲ್ಲಿ ಒಂದು ನಷ್ಟವಿದೆ.

ಗಿರಾಕಿಯಾಗಿ ಹೋದ ವರ್ಷ ಕಣ್ಣಿಗೆ ಹಬ್ಬ. 1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51ರ ಸಾಲಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ತುದಿಯಷ್ಟೇ ಹೊರಗೆ ಕಾಣುವ ಆ ನಿಬ್ಬು ನಮ್ಮ ಅಜ್ಜನ ಅಂಗಿಯ ಜೇಬಿನಲ್ಲಿದ್ದ ಪೆನ್ನನ್ನು ನೆನಪಿಗೆ ತಂದಿತು. ಯಾರ ಹಂಗೂ ಇಲ್ಲದೆ ಸುತ್ತಬಹುದು, ಬೇಕೆನಿಸಿದ ಕಡೆ ನಿಲ್ಲಬಹುದು. ಬೆಳಿಗ್ಗೆ ಬೇಗ ಹೋಗಿ ಬರೆಯುವವರ ಕೈಗೆ ಹೊಂದುವಂತೆ ನಿಬ್ಬಿನ ತುದಿಯನ್ನು ಸಾಣೆ ಹಿಡಿಯುವವರ ಪಟ್ಟಿಯಲ್ಲಿ ಹೆಸರು ಬರೆಸಿದ್ದರಿಂದ ಮಧ್ಯಾಹ್ನಕ್ಕೆ ನನ್ನ ಸರದಿಯೂ ಬಂತು.

ಆದರೆ ಆ ದಿನ ಕೊಂಡ ದಪ್ಪ ನಿಬ್ಬಿನ ಯುರೋಪಿನ ಪೆನ್ನು ನನಗೆ ಒಗ್ಗಲೇ ಇಲ್ಲ. ಅಂಗಡಿಯ ಮೇಜಿನ ಮೇಲೆ ಇಂಗ್ಲಿಷಿನಲ್ಲಿ ಸಹಿ ಹಾಕಿ ನೋಡಿದ್ದೆ. ಬೆಣ್ಣೆಯ ಹಾಗೆ ಜಾರಿತ್ತು. ಮನೆಗೆ ಬಂದು ಅಮ್ಮನಿಗೆ ಕಾಗದ ಬರೆಯಲು ಕುಳಿತಾಗ ‘ಠ’ದ ಹೊಟ್ಟೆಯೊಳಗಿನ ಚುಕ್ಕೆ ಶಾಯಿಯಲ್ಲಿ ಮುಳುಗಿತು. ‘ಥ’ ಮತ್ತು ‘ಧ’ ಒಂದೇ ಆದವು. ಒತ್ತಕ್ಷರಗಳು ಕೆಳಗಿನ ಸಾಲಿಗೆ ಅಂಟಿಕೊಂಡವು. ಸಣ್ಣ ಸುರುಳಿಗಳೇ ತುಂಬಿದ ನಮ್ಮ ಲಿಪಿಗೆ ಇದು ಹೊಂದದು ಎಂದು ಗೊತ್ತಾಗುವ ಮೊದಲೇ ಹಣ ಕೊಟ್ಟಾಗಿತ್ತು.

ಮರುವರ್ಷದ ಮೇಜಿನ ಮೇಲೆ ನೂರಾರು ಶಾಯಿಗಳು. ಬಂದವರು ಒಂದೊಂದರಲ್ಲೂ ಬರೆದು ನೋಡುತ್ತಾರೆ. ಸಾಲು ತಪ್ಪದಂತೆ ಜೋಡಿಸುವುದು, ಚೆಲ್ಲಿದ್ದನ್ನು ಒರೆಸುವುದು, ಹಾಳೆ ಮುಗಿದ ಕಡೆ ಹೊಸದನ್ನು ಇಡುವುದು ನನ್ನ ಕೆಲಸ. ಮೊದಲ ಅರ್ಧ ಗಂಟೆಯಲ್ಲೇ ಬೆರಳುಗಳು ನೀಲಿ, ಹಸಿರು, ಇಟ್ಟಿಗೆ ಬಣ್ಣ. ಆ ನಾಲ್ಕು ಗಂಟೆಯಲ್ಲಿ ಬೇರೆಯವರ ಕೈಗಳನ್ನು ನೋಡುತ್ತಾ ಕಲಿತದ್ದು ಹಿಂದಿನ ವರ್ಷ ಇಡೀ ದಿನ ಸುತ್ತಿದರೂ ಸಿಕ್ಕಿರಲಿಲ್ಲ. ಎಡಗೈಯಲ್ಲಿ ಬರೆಯುವವರು ಬಣ್ಣಕ್ಕಿಂತ ಮೊದಲು ಎಷ್ಟು ಬೇಗ ಒಣಗುತ್ತದೆ ಎಂದು ಬೆರಳಿನಿಂದ ಉಜ್ಜಿ ನೋಡುತ್ತಾರೆ. ತೊಮೊಎ ರಿವರ್‌ನಂತಹ ತೆಳು ಕಾಗದದ ಮೇಲೆ ಶಾಯಿಯ ಹೊಳಪು ಎದ್ದು ಕಾಣುತ್ತದೆ, ಆದರೆ ಒಣಗಲು ಕಾಯಬೇಕು. ಮಿನುಗು ಪುಡಿ ಬೆರೆಸಿದ ಶಾಯಿಯನ್ನು ಹಳೆಯ ಪೆನ್ನಿಗೆ ತುಂಬಿಸಲು ಅನುಭವಸ್ಥರು ಒಪ್ಪುವುದಿಲ್ಲ. ಅದು ನಿಬ್ಬಿಗೆ ಶಾಯಿ ಹಾಯಿಸುವ ಫೀಡಿನಲ್ಲಿ ಕಟ್ಟಿಕೊಳ್ಳುತ್ತದೆ. ಒಂದೇ ನಿಬ್ಬು ಧಾರಾಳವಾಗಿ ಹರಿಯುವ ಶಾಯಿಯಲ್ಲಿ ದಪ್ಪವಾಗಿ, ಕಡಿಮೆ ಹರಿಯುವ ಶಾಯಿಯಲ್ಲಿ ಸಪೂರವಾಗಿ ಬರೆಯುತ್ತದೆ. ನಿಬ್ಬಿನ ಅಳತೆಯಲ್ಲಿ ಜಪಾನಿನ ‘ಫೈನ್’ ಹೆಚ್ಚುಕಡಿಮೆ ಯುರೋಪಿನ ‘ಎಕ್ಸ್‌ಟ್ರಾ ಫೈನ್’ಗೆ ಸಮ. ಈ ಒಂದು ಮಾತು ಹಿಂದಿನ ವರ್ಷ ಗೊತ್ತಿದ್ದರೆ!

ಜನ ಕಡಿಮೆಯಾದ ಹೊತ್ತಿನಲ್ಲಿ ಹಿರಿಯರೊಬ್ಬರು ನಿಮ್ಮ ಭಾಷೆಯಲ್ಲಿ ಏನಾದರೂ ಬರೆಯಿರಿ ಎಂದು ತಮ್ಮ ಪೆನ್ನನ್ನೇ ಕೈಗೆ ಕೊಟ್ಟರು. ಅದರ ನಿಬ್ಬನ್ನು ಆರ್ಕಿಟೆಕ್ಟ್ ಎನ್ನುವ ಬಗೆಯಲ್ಲಿ ಸಾಣೆ ಹಿಡಿಸಿದ್ದರು. ಅಡ್ಡಗೆರೆ ದಪ್ಪ, ಉದ್ದಗೆರೆ ಸಪೂರ. ‘ಕನ್ನಡ’ ಎಂದು ಬರೆದೆ. ತಲಕಟ್ಟುಗಳು ಗಟ್ಟಿಯಾಗಿ ಮೂಡಿದವು, ಇಕ್ಕೆಲಗಳ ಬಾಗುಗಳು ಕೂದಲಿನಂತೆ ಇಳಿದವು. ಇದಕ್ಕೆ ತೀರಾ ವಿರುದ್ಧವಾದ ಸ್ಟಬ್ ನಿಬ್ಬನ್ನು ನಾನು ಬಹಳ ದಿನ ಬಳಸಿದ್ದೇನೆ. ಅದರಲ್ಲಿ ಉದ್ದಗೆರೆ ದಪ್ಪವಾಗಿ ತಲಕಟ್ಟು ಬಡವಾಗುತ್ತದೆ. ನನ್ನ ಕಣ್ಣಿಗೆ ಕನ್ನಡಕ್ಕೆ ಒಪ್ಪುವುದು ಆರ್ಕಿಟೆಕ್ಟೇ, ಆದರೆ ತುದಿ ಸಣ್ಣದಿರಬೇಕು. ಗಿರಾಕಿಯಾಗಿದ್ದಾಗ ಯಾರೂ ನನ್ನನ್ನು ಕನ್ನಡದಲ್ಲಿ ಬರೆಯಲು ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಸಂಜೆಯದು ಇನ್ನೊಂದು ವ್ಯತ್ಯಾಸ. ಮೊದಲ ವರ್ಷ ಬಾಗಿಲು ಹಾಕುವ ಮುಂಚೆಯೇ ರೈಲು ಹಿಡಿದಿದ್ದೆ. ಈ ಸಲ ಜೊತೆಗೆ ಕೆಲಸ ಮಾಡಿದವರು ಕೆಳಗಿನ ಪಡಸಾಲೆಗೆ ಕರೆದುಕೊಂಡು ಹೋದರು. ಅಲ್ಲಿ ಮಾರಾಟವಿಲ್ಲ, ಎಲ್ಲರೂ ತಮ್ಮ ತಮ್ಮ ಪೆನ್ನುಗಳನ್ನು ಮೇಜಿನ ಮೇಲೆ ಹರಡಿ ಕೈಯಿಂದ ಕೈಗೆ ದಾಟಿಸುತ್ತಾರೆ.

ನಷ್ಟ ಎಂದೆನಲ್ಲ, ಅದು ಸಾಣೆಯದು. ನನ್ನ ಪಾಳಿ ಬೆಳಗಿನದು. ಮುಗಿಸಿ ಹೋಗುವಷ್ಟರಲ್ಲಿ ಆ ದಿನದ ಪಟ್ಟಿ ತುಂಬಿಹೋಗಿತ್ತು. ಕಣ್ಣಿಟ್ಟಿದ್ದ ಹಳೆಯ ಪೆನ್ನೊಂದು ಕೂಡ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಸಾಣೆಗಾಗಿಯೇ ಹೋಗುವವರು, ಒಂದು ನಿರ್ದಿಷ್ಟ ಪೆನ್ನಿನ ಹುಡುಕಾಟದಲ್ಲಿರುವವರು ಟಿಕೆಟ್ ಕೊಂಡೇ ಹೋಗಿ. ಏನು ಬೇಕೆಂದು ಇನ್ನೂ ತಿಳಿಯದವರು ಶಾಯಿಯ ಮೇಜಿಗೆ ಹೆಸರು ಕೊಡಿ.

ಮುಂದಿನ ಆಗಸ್ಟಿಗೆ ನಾನು ಮಧ್ಯಾಹ್ನದ ಪಾಳಿ ಕೇಳುತ್ತೇನೆ. ಬೆಳಿಗ್ಗೆ ಆ ದಪ್ಪ ನಿಬ್ಬಿನ ಪೆನ್ನನ್ನೇ ಸಾಣೆಗೆ ಕೊಡಬೇಕು. ಜೊತೆಗೆ ತೋರಿಸಲು ಠ, ಥ, ಧ, ಕ್ಷ, ಸ್ತ್ರೀ ಎಂದು ಬರೆದಿಟ್ಟ ಹಾಳೆಯೊಂದು ಈಗಾಗಲೇ ಚೀಲದಲ್ಲಿದೆ.