ಕಪನೂರಿನ ರೀಕಂಡೀಷನ್ ಫ್ಲೈ ಪ್ರೆಸ್: ನಟ್ಟು ಹೊಸದು, ಸ್ಕ್ರೂ ಹಳೇದು

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಲೇಥ್ ಅಂಗಡಿಯೊಂದು ಗುಜರಿಗೆ ಬಂದ ಫ್ಲೈ ಪ್ರೆಸ್‌ಗಳನ್ನು ಬಿಚ್ಚಿ, ಸರಿಮಾಡಿ ಮಾರುತ್ತದೆ. ವಾಷರ್ ಹೊಡೆಯುವವರಿಗೆ, ಚಪ್ಪಲಿ ಅಟ್ಟೆ ಕತ್ತರಿಸುವವರಿಗೆ, ಬೆಳ್ಳಿ ತಗಡಿಗೆ ಅಚ್ಚೊತ್ತುವವರಿಗೆ ಬೇಕಾಗುವ ಕೈ ಯಂತ್ರ ಇದು: ಗುಂಡು ಕಟ್ಟಿದ ತೋಳನ್ನು ತಿರುಗಿಸಿದರೆ ಸ್ಕ್ರೂ ನಟ್ಟಿನೊಳಗೆ ತಿರುಗುತ್ತಾ ಇಳಿದು, ಅದರ ಕೆಳಗಿನ ರ್‍ಯಾಮ್ (ಒತ್ತುವ ದಿಂಡು) ಡೈ ಅಂದರೆ ಅಚ್ಚಿನ ಮೇಲೆ ಬೀಳುತ್ತದೆ. ಇಲ್ಲಿ ಪರೀಕ್ಷಿಸಿದ್ದು ಎರಡು ಗುಂಡಿನ, 4 ನಂಬರ್ ಅಳತೆಯ ಪ್ರೆಸ್.

ಬಾಡಿಯ ವಿಷಯದಲ್ಲಿ ಈ ಅಂಗಡಿಯವರು ಪ್ರಾಮಾಣಿಕರು. ಸಿ ಆಕಾರದ ಬೀಡಿನ (ಎರಕದ ಕಬ್ಬಿಣದ) ಬಾಡಿ ಬಿರಿಯುವುದು ಒಳಬಾಗಿನಲ್ಲೇ. ಪ್ರತಿ ಹೊಡೆತಕ್ಕೂ ಅಲ್ಲಿ ಬೀಡು ಹಿಗ್ಗುತ್ತದೆ, ಬೀಡಿಗೆ ಹಿಗ್ಗುವುದು ಆಗಿಬರುವುದಿಲ್ಲ. ಬಣ್ಣ ಬಳಿಯುವ ಮೊದಲೇ ಆ ಜಾಗಕ್ಕೆ ಸೀಮೆಎಣ್ಣೆ ಸವರಿ, ಕಾಲು ಗಂಟೆ ಬಿಟ್ಟು, ಒಣಬಟ್ಟೆಯಲ್ಲಿ ಒರೆಸಿ, ಚಾಕ್ ಪುಡಿ ಹಚ್ಚಿ ಗಿರಾಕಿಯ ಎದುರೇ ತೋರಿಸುತ್ತಾರೆ. ಬಿರುಕಿದ್ದರೆ ಪುಡಿಯ ಮೇಲೆ ಒದ್ದೆ ಗೀರು ಮೂಡುತ್ತದೆ. ಅಂಥ ಬಾಡಿಯನ್ನು ವೆಲ್ಡಿಂಗ್ ಮಾಡಿ ಮುಚ್ಚದೆ ವಾಪಸು ಗುಜರಿಗೇ ಹಾಕುತ್ತಾರೆ. ಮೆಚ್ಚಬೇಕಾದ್ದೇ.

ತಕರಾರು ಇರುವುದು ಸ್ಕ್ರೂ ಬಗ್ಗೆ. ಇದರ ಚೌಕ ಮರೆಗೆ, ಅಂದರೆ ಸ್ಕ್ರೂವಿನ ಸುತ್ತುಗೆರೆಗೆ, ಮೂರು ಎಳೆ, ಹಾಗಾಗಿ ತೋಳು ಕಾಲು ಸುತ್ತು ತಿರುಗಿದರೂ ರ್‍ಯಾಮ್ ಸಾಕಷ್ಟು ಇಳಿಯುತ್ತದೆ. ಹಳೇ ಗನ್‌ಮೆಟಲ್ (ಒಂದು ಬಗೆಯ ಕಂಚು) ನಟ್ಟು ಸವೆದಿತ್ತು ಅಂತ ಹೊಸದನ್ನು ಕೊರೆದು ಹಾಕಿದ್ದಾರೆ, ಸ್ಕ್ರೂ ಮಾತ್ರ ಹಳೇದೇ. ವರ್ಷಗಟ್ಟಲೆ ಹೊಡೆತ ತಿಂದ ಸ್ಕ್ರೂ ಒಂದೇ ಸಮ ಸವೆದಿರುವುದಿಲ್ಲ. ಡೈ ಮುಟ್ಟುವ ಎತ್ತರದಲ್ಲಿ ಜಾಸ್ತಿ, ತುದಿಗಳಲ್ಲಿ ಕಡಿಮೆ. ತುದಿ ತೂರಬೇಕೆಂದು ನಟ್ಟು ಸಡಿಲ ಮಾಡಿದರೆ ಕೆಲಸದ ಜಾಗದಲ್ಲಿ ಗಡಗಡ. ಈ ಪ್ರೆಸ್‌ನಲ್ಲಿ ಆಗಿದ್ದೂ ಅದೇ. ರ್‍ಯಾಮ್ ಕೆಳಗೆ ಮರದ ತುಂಡು ಕೊಟ್ಟು ಮೀಟಿದಾಗ ಮೇಲ್ತುದಿಯಲ್ಲಿ ಆಟ (ಸಡಿಲ) ಸುಮಾರು 0.2 ಮಿ.ಮೀ., ಕೆಲಸದ ಎತ್ತರದಲ್ಲಿ 0.6. ಅಟ್ಟೆ ಕತ್ತರಿಸಲು ಅಡ್ಡಿಯಿಲ್ಲ, ಬೆಳ್ಳಿ ಅಚ್ಚಿಗೆ ನಡೆಯುವುದಿಲ್ಲ: ಎರಡನೇ ಹೊಡೆತ ಕೂದಲೆಳೆ ಸರಿದು ಗೆರೆ ಜೋಡಿಯಾಗುತ್ತದೆ. ಮೊದಲು ಸ್ಕ್ರೂ ಮರೆಯನ್ನು ಉದ್ದಕ್ಕೂ ಒಂದೇ ಅಳತೆಗೆ ಸವರಿ (ಹೆರೆದು), ಆಮೇಲೆ ಅದಕ್ಕೆ ಹೊಂದುವಂತೆ ನಟ್ಟು ಕೊರೆಯಬೇಕು. ಹೇಳಿ ಮಾಡಿಸಿಕೊಂಡರೆ ಮಾಡಿಕೊಡುತ್ತಾರೆ, ತಾವಾಗಿ ಮಾಡುವುದಿಲ್ಲ.

ರ್‍ಯಾಮ್ ಅಲ್ಲಾಡದಂತೆ ಪಕ್ಕದಿಂದ ಹಿಡಿಯುವ ಗಿಬ್ ಪಟ್ಟಿಗಳನ್ನು ಚೆನ್ನಾಗಿ ಉಜ್ಜಿ ಕೂರಿಸಿದ್ದಾರೆ. ಸಂದು ಅಳೆಯುವ 0.05 ಮಿ.ಮೀ. ಫೀಲರ್ ಎಲೆ ಎಲ್ಲೂ ತೂರಲಿಲ್ಲ, ಮೂಲೆಮಟ್ಟ ಹಿಡಿದರೆ ರ್‍ಯಾಮ್ ನೇರ. ಆದರೆ ಇನಾಮಲ್ ಬಣ್ಣವನ್ನು ಎಣ್ಣೆ ತೂತಿನ ಮೇಲೂ ಬಳಿದಿದ್ದಾರೆ! ಮೊಳೆಯಿಂದ ಚುಚ್ಚಿ ಬಿಡಿಸಿಕೊಳ್ಳಿ. ಅದಕ್ಕೆ 68 ನಂಬರ್ ಮಷೀನ್ ಎಣ್ಣೆ ಬಿಡಿ, ಗ್ರೀಸ್ ಬೇಡ. ನಮ್ಮ ಬೇಸಿಗೆಯ ಧೂಳು ಗ್ರೀಸಿಗೆ ಅಂಟಿದರೆ ಅದು ಮರಳು ಕಾಗದದ ಕೆಲಸ ಮಾಡುತ್ತದೆ.

ಕೂರಿಸುವಾಗ ಈ ಕಡೆಯ ಮಂದಿ ಮಾಡುವ ತಪ್ಪು, ಶಹಾಬಾದ್ ಕಲ್ಲಿನ ಕಟ್ಟೆಗೇ ನೇರ ಬೋಲ್ಟ್ ಹಾಕುವುದು. ಆ ಕಲ್ಲು ಪದರ ಪದರ, ಹೊಡೆತಕ್ಕೆ ಬೋಲ್ಟ್ ತೂತಿನಿಂದಲೇ ಸೀಳುತ್ತದೆ. ನಡುವೆ ಎರಡು ಇಂಚಿನ ಗಟ್ಟಿ ಹಲಗೆ ಕೊಟ್ಟು, ಕೆಳಗೆ ಕಬ್ಬಿಣದ ಆಂಗಲ್ ಸ್ಟ್ಯಾಂಡ್ ಮಾಡಿಸಿ, ನಾಲ್ಕು 12 ಮಿ.ಮೀ. ಬೋಲ್ಟ್‌ಗಳಿಂದ ಬಿಗಿಯಿರಿ. ಗುಂಡು ತಿರುಗುವ ಸುತ್ತಿನೊಳಗೆ ಯಾರ ತಲೆಯೂ ಬರದಂತೆ ಜಾಗ ಬಿಡಿ.

ಅಟ್ಟೆ, ವಾಷರ್, ರಟ್ಟಿನ ಕೆಲಸಕ್ಕಾದರೆ ಇದ್ದ ಹಾಗೇ ತಗೊಳ್ಳಿ. ಅಚ್ಚಿನ ಕೆಲಸಕ್ಕಾದರೆ ಸ್ಕ್ರೂ ಸವರಿದ ಮೇಲೇ ದುಡ್ಡು ಕೊಡಿ.